ಎಲ್ಲ ಕಡೆ ‘ಸೂಕ್ತವಾಗಿ’ ಅಂತ ಬರೆಯುವ ಮೊದಲು: ತಕ್ಕ ಪದ ಆರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನಿವೃತ್ತರಾಗುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಅಭಿನಂದನಾ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಇವರ 30 ವರ್ಷಗಳ ಸೇವೆಯನ್ನು ನಾವೆಲ್ಲ ತಕ್ಕಮಟ್ಟಿಗೆ ಗೌರವಿಸುತ್ತೇವೆ’ ಅಂತ ಬರೆದೆ. ಸೇವೆ ಎಷ್ಟು ದೊಡ್ಡದೋ ಗೌರವವೂ ಅಷ್ಟೇ ದೊಡ್ಡದು ಅಂತ ಹೇಳುವುದು ನನ್ನ ಉದ್ದೇಶವಾಗಿತ್ತು. ಆದರೆ ‘ತಕ್ಕಮಟ್ಟಿಗೆ’ ಅಂದರೆ ಒಂದಿಷ್ಟು, ಅಷ್ಟೋ ಇಷ್ಟೋ ಅಂತ ಅರ್ಥ. ಅವರು ಪತ್ರ ಓದಿ, ಕನ್ನಡಕ ತೆಗೆದು, “ಪೂರ್ತಿ ಗೌರವಿಸೋಕೆ ಮನಸ್ಸು ಬರಲಿಲ್ವೇನಪ್ಪಾ?” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಒಳಗೊಳಗೇ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತ್ತು.

ಅವತ್ತಿನಿಂದ ಈ ‘ತಕ್ಕ’, ‘ಸೂಕ್ತ’, ‘ಸರಿ’, ‘ಸಮಂಜಸ’ ಅನ್ನುವ ಗುಂಪಿನ ಮೇಲೆ ನನಗೊಂದು ಕಣ್ಣು. ದೂರದಿಂದ ನೋಡಿದರೆ ಎಲ್ಲ ಒಂದೇ ತರ ಕಾಣುತ್ತವೆ. ನಿಘಂಟಿನಲ್ಲೂ ಒಂದರ ಮುಂದೆ ಇನ್ನೊಂದನ್ನು ಅರ್ಥವಾಗಿ ಕೊಟ್ಟಿರುತ್ತಾರೆ. ಹಾಗಂತ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕೆಲವೊಮ್ಮೆ ನಗೆಪಾಟಲು, ಕೆಲವೊಮ್ಮೆ ಜಗಳ. ಹೇಗೆ ಆರಿಸಬೇಕು ಅಂತ ನಾನು ಮಾಡಿಕೊಂಡ ಕ್ರಮ ಇಲ್ಲಿದೆ. ಬರೆಯುವಾಗ ಪಕ್ಕದಲ್ಲಿಟ್ಟುಕೊಳ್ಳಿ.

ಹೆಜ್ಜೆ 1: ‘ಯಾವುದಕ್ಕೆ?’ ಅಂತ ಕೇಳಿ

ಇದೊಂದು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಒಂದು ವಸ್ತು, ಮಾತು ಅಥವಾ ನಡವಳಿಕೆ ‘ಸರಿಹೊಂದುತ್ತದೆ’ ಅಂದರೆ ಇನ್ನೊಂದು ಯಾವುದಕ್ಕೋ ಸರಿಹೊಂದುತ್ತದೆ ಅಂತ ಅರ್ಥ. ಕನ್ನಡ ಇದನ್ನು ಮುಚ್ಚಿಡುವುದಿಲ್ಲ, ‘ಗೆ’ ಅಥವಾ ‘ಕ್ಕೆ’ ಅಂತ ಪ್ರತ್ಯಯ ಹಚ್ಚಿ ಮುಂದೆ ನಿಲ್ಲಿಸುತ್ತದೆ. ವಯಸ್ಸಿಗೆ ತಕ್ಕಂತೆ. ಕಾಲಕ್ಕೆ ಅನುಗುಣವಾಗಿ. ಬೀಗಕ್ಕೆ ಸರಿಯಾಗಿ. ಮಾತಿಗೆ ಹೊಂದುವಂತೆ.

ಹಾಗಾಗಿ ‘ಸೂಕ್ತವಾಗಿ’ ಅಂತ ಕೈಗೆ ಬಂದಾಗ ಒಂದು ಕ್ಷಣ ನಿಲ್ಲಿ. ಯಾವುದಕ್ಕೆ ಸೂಕ್ತ? ಉತ್ತರ ಸಿಕ್ಕರೆ ಆ ಉತ್ತರವನ್ನೇ ವಾಕ್ಯಕ್ಕೆ ತನ್ನಿ. ‘ಮಕ್ಕಳಿಗೆ ಸೂಕ್ತವಾಗಿ ಪಾಠ ಮಾಡಿದರು’ ಅನ್ನುವುದಕ್ಕಿಂತ ‘ಮಕ್ಕಳ ವಯಸ್ಸಿಗೆ ತಕ್ಕಂತೆ ಪಾಠ ಮಾಡಿದರು’ ಅಂದರೆ ಓದುಗರಿಗೆ ಏನೋ ಒಂದು ಸಿಗುತ್ತದೆ. ಉತ್ತರ ಸಿಗಲಿಲ್ಲ ಅಂದರೆ? ಆಗ ಆ ಪದ ಸುಮ್ನೆ ಜಾಗ ತುಂಬಿಸಲು ಬಂದಿದೆ ಅಂತಲೇ ಲೆಕ್ಕ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಅನ್ನುವ ಮಾತು ಕೇಳಿ ಕೇಳಿ ನಮಗೆಲ್ಲ ಅಭ್ಯಾಸವಾಗಿದೆ. ಯಾವ ಕ್ರಮ, ಯಾವುದಕ್ಕೆ ಸೂಕ್ತ, ಯಾವಾಗ, ಒಂದೂ ಅದರಲ್ಲಿಲ್ಲ. ಬರೆದವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಇಲ್ಲೇ ಒಂದು ವ್ಯಾಕರಣದ ತಪ್ಪನ್ನೂ ಹೇಳಿಬಿಡುತ್ತೇನೆ. ‘ವಯಸ್ಸಿನ ಅನುಗುಣವಾಗಿ’, ‘ಅಗತ್ಯದ ತಕ್ಕಂತೆ’ ಅಂತ ಬರೆಯುವವರು ಜಾಸ್ತಿ ಆಗುತ್ತಿದ್ದಾರೆ. ‘ಅನುಗುಣ’ಕ್ಕೂ ‘ತಕ್ಕ’ಕ್ಕೂ ಬೇಕಾಗಿರುವುದು ‘ಗೆ/ಕ್ಕೆ’. ‘ವಯಸ್ಸಿಗೆ ಅನುಗುಣವಾಗಿ’, ‘ಅಗತ್ಯಕ್ಕೆ ತಕ್ಕಂತೆ’. ‘ಇನ/ದ’ ಬೇಡುವುದು ‘ಪ್ರಕಾರ’: ‘ನಿಯಮದ ಪ್ರಕಾರ’. ಈ ಎರಡರ ರೂಪ ಕಲಸಿಹೋಗಿ ಈ ತಪ್ಪು ಹುಟ್ಟಿದೆ ಅಂತ ನನ್ನ ಅಂದಾಜು.

ಹೆಜ್ಜೆ 2: ಹೊಂದಿಕೆ ಯಾವ ಬಗೆಯದು ಅಂತ ಗುರುತಿಸಿ

‘ಯಾವುದಕ್ಕೆ’ ಗೊತ್ತಾದ ಮೇಲೆ ಮುಂದಿನ ಪ್ರಶ್ನೆ, ಎಂಥ ಹೊಂದಿಕೆ? ಒಂದೇ ನಾಮಪದ ಇಟ್ಟುಕೊಂಡು ಮುಂದಿನ ಪದವನ್ನು ಮಾತ್ರ ಬದಲಾಯಿಸುತ್ತ ಹೋದರೆ ವ್ಯತ್ಯಾಸ ಬೇಗ ಕಾಣುತ್ತದೆ. ನಾನು ಇದಕ್ಕೆ ‘ಉತ್ತರ’ ಅನ್ನುವ ಪದ ಬಳಸುತ್ತೇನೆ.

ಸರಿಯಾದ ಉತ್ತರ ಅಂದರೆ ತಪ್ಪಿಲ್ಲದ ಉತ್ತರ. ಪರೀಕ್ಷೆಯಲ್ಲಿ ಅಂಕ ಸಿಗುವಂಥದ್ದು.

ಸಮಂಜಸ ಉತ್ತರ ಅಂದರೆ ತರ್ಕಕ್ಕೆ ಒಪ್ಪುವ ಉತ್ತರ. ಅದು ನಿಜವೇ ಆಗಿರಬೇಕೆಂದಿಲ್ಲ, ಕೇಳಿದರೆ ‘ಹೌದು, ಇರಬಹುದು’ ಅನ್ನಿಸಬೇಕು.

ಸಮರ್ಪಕ ಉತ್ತರ ಅಂದರೆ ಕೇಳಿದವರಿಗೆ ಸಮಾಧಾನವಾಗುವಷ್ಟು ತುಂಬಿದ ಉತ್ತರ. ‘ಸಮರ್ಪಣೆ’ಯ ದಾಯಾದಿ ಇದು; ಕೊಡಬೇಕಾದ್ದನ್ನು ಕೊಡಬೇಕಾದಷ್ಟು ಕೊಟ್ಟಿದೆಯಾ ಅನ್ನುವುದು ಇದರ ಲೆಕ್ಕ.

ಸೂಕ್ತ ಉತ್ತರ ಅಂದರೆ ಆ ಜಾಗದಲ್ಲಿ, ಆ ಜನರ ಮುಂದೆ ಹೇಳಬಹುದಾದ ಒಳ್ಳೆಯ ಉತ್ತರ.

ತಕ್ಕ ಉತ್ತರ ಅಂದರೆ, ಅಷ್ಟೇ, ಜಗಳ ಶುರುವಾಯ್ತು ಅಂತ. ‘ತಕ್ಕ ಉತ್ತರ ಕೊಟ್ಟಳು’ ಅಂದ ಕೂಡಲೇ ಎದುರಿನವನು ಏನೋ ಕೊಂಕು ಮಾತಾಡಿದ್ದ, ಇವಳು ತಿರುಗಿ ಬಾರಿಸಿದಳು ಅಂತ ಓದುವವರಿಗೆ ಗೊತ್ತಾಗಿಬಿಡುತ್ತದೆ.

ಉಚಿತ ಉತ್ತರ ಅಂದರೆ ದುಡ್ಡು ತೆಗೆದುಕೊಳ್ಳದೆ ಕೊಟ್ಟ ಉತ್ತರ! ಇದರ ಕಥೆ ಮುಂದೆ ಬರುತ್ತದೆ.

‘ಅರ್ಹ ಉತ್ತರ’ ಅಂತ ಯಾರೂ ಹೇಳುವುದಿಲ್ಲ. ಯಾಕೆಂದರೆ ‘ಅರ್ಹ’ ಮುಖ್ಯವಾಗಿ ಮನುಷ್ಯರಿಗೆ, ಅವರ ಗೆಲುವಿಗೆ, ಅವರು ಪಡೆಯುವ ಹಕ್ಕಿಗೆ ಅಂಟಿಕೊಂಡ ಪದ.

ಈಗ ನಿಮ್ಮ ವಾಕ್ಯಕ್ಕೆ ಇದೇ ಪರೀಕ್ಷೆ ಮಾಡಿ. ಅಳತೆಯ ಹೊಂದಿಕೆಯಾ, ತರ್ಕದ ಹೊಂದಿಕೆಯಾ, ಮರ್ಯಾದೆಯ ಹೊಂದಿಕೆಯಾ, ಸಾಲುವಷ್ಟು ಇದೆಯಾ ಅನ್ನುವ ಪ್ರಶ್ನೆಯಾ, ಅಥವಾ ‘ಮಾಡಿದ್ದಕ್ಕೆ ಸಿಕ್ಕಿತು’ ಅನ್ನುವ ನ್ಯಾಯದ ಹೊಂದಿಕೆಯಾ? ಉತ್ತರ ಬಂದರೆ ಪದ ತಾನಾಗಿಯೇ ಮುಂದೆ ಬರುತ್ತದೆ.

ಹೆಜ್ಜೆ 3: ಪ್ರತಿಯೊಂದು ಪದದ ಸ್ವಭಾವ ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಮಜಾ ಇರುವುದೇ ಇಲ್ಲಿ.

‘ತಕ್ಕ’ ಬಂದದ್ದು ‘ತಗು’ ಅನ್ನುವ ಹಳೆಯ ಕ್ರಿಯಾಪದದಿಂದ. ತಗು ಅಂದರೆ ಯೋಗ್ಯವಾಗಿರು, ಹೊಂದು. ಆ ಕ್ರಿಯಾಪದ ಈಗ ಮಾತಿನಲ್ಲಿ ಉಳಿದಿಲ್ಲ, ಆದರೆ ಅದರ ‘ತಕ್ಕ’ ಅನ್ನುವ ರೂಪ ಎಲ್ಲೆಲ್ಲೂ ಇದೆ. ಕಾನೂನಿನ ಭಾಷೆಯಲ್ಲಿ ‘ಅರ್ಜಿಯನ್ನು ಸಲ್ಲಿಸತಕ್ಕದ್ದು’ ಅಂತ ಓದುತ್ತೀರಲ್ಲ, ಅದೂ ಇದೇ ತಕ್ಕ. ‘ಸಲ್ಲಿಸುವುದು ಯೋಗ್ಯ’ ಅನ್ನುವುದು ಬರುಬರುತ್ತಾ ‘ಸಲ್ಲಿಸಲೇಬೇಕು’ ಆಗಿದೆ. ಕ್ರಿಯೆಗೆ ಹಚ್ಚುವಾಗ ‘ತಕ್ಕಂತೆ’, ‘ತಕ್ಕ ಹಾಗೆ’, ‘ತಕ್ಕುದಾಗಿ’ ಅಂತ ಮೂರು ರೂಪ. ಬರವಣಿಗೆಗೆ ತಕ್ಕಂತೆ, ಆಪ್ತವಾಗಿ ಮಾತಾಡುವಾಗ ತಕ್ಕ ಹಾಗೆ. ‘ತಕ್ಕುದಾಗಿ’ ಸ್ವಲ್ಪ ಹಳೆಯ ವಾಸನೆ, ಆದರೂ ಗಂಭೀರ ಜಾಗದಲ್ಲಿ ಚೆಂದ ಕೂರುತ್ತದೆ.

ತಕ್ಕಂತೆಯ ವಿಶೇಷ ಅಂದರೆ ಅದು ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ಅಳೆಯುತ್ತದೆ. ಒಂದು ಬದಲಾದರೆ ಇನ್ನೊಂದೂ ಬದಲಾಗಬೇಕು. ತಾಳಕ್ಕೆ ತಕ್ಕಂತೆ ಕುಣಿ ಅನ್ನುತ್ತೇವೆ. ತಾಳ ಜೋರಾದರೆ ಕುಣಿತವೂ ಜೋರಾಗಬೇಕಲ್ಲ. ‘ಅನುಗುಣವಾಗಿ’ ಮಾಡುವುದೂ ಇದೇ ಕೆಲಸ, ಆದರೆ ಅದು ಷರ್ಟು ಇನ್ ಮಾಡಿಕೊಂಡು ಬಂದ ತಕ್ಕಂತೆ. ವರದಿ, ನಿಯಮಾವಳಿ, ಪ್ರಬಂಧ ಇಂಥಲ್ಲಿ ಅದಕ್ಕೆ ಜಾಗ. ‘ಅನುಸಾರವಾಗಿ’ ಬೇರೆ. ಅದು ಹಿಂದೆ ಹಿಂದೆ ಹೋಗುವುದು, ಅನುಸರಿಸುವುದು. ‘ನಿಯಮಾನುಸಾರ’ ಅಂದರೆ ನಿಯಮ ಹೇಳಿದ ದಾರಿಯಲ್ಲಿ. ಆದಾಯಕ್ಕೆ ಅನುಗುಣವಾಗಿ ತೆರಿಗೆ ಏರಿಳಿಯುತ್ತದೆ, ಕಾನೂನಿನ ಅನುಸಾರ ಅದನ್ನು ಕಟ್ಟುತ್ತೇವೆ. ಎರಡನ್ನೂ ಅದಲುಬದಲು ಮಾಡಿ ನೋಡಿ, ಎರಡೂ ಕುಂಟುತ್ತವೆ.

ಇನ್ನು ‘ತಕ್ಕ’ದ ಮಕ್ಕಳ ಬಗ್ಗೆ ಎಚ್ಚರ. ‘ತಕ್ಕಷ್ಟು’ ಅಂದರೆ ಸಾಕಾಗುವಷ್ಟು. ‘ತಕ್ಕಮಟ್ಟಿಗೆ’ ಅಂದರೆ ಏನು ಅಂತ ನನಗಂತೂ ಜನ್ಮದಲ್ಲಿ ಮರೆಯುವುದಿಲ್ಲ. ‘ತಕ್ಕ ಶಾಸ್ತಿ’, ‘ತಕ್ಕ ಪಾಠ’ ಎರಡೂ ಬೈಗುಳದ ಕಡೆಯವು. ಒಳ್ಳೆಯದರ ಜೊತೆಗೂ ತಕ್ಕ ಬರುತ್ತದೆ, ‘ತಕ್ಕ ಪ್ರತಿಫಲ’, ‘ತಕ್ಕ ಜೋಡಿ’. ಆದರೆ ‘ನಿಮಗೆ ತಕ್ಕದ್ದು ಸಿಕ್ಕಿದೆ’ ಅಂತ ಯಾರಿಗಾದರೂ ಶುಭಾಶಯ ಬರೆಯಬೇಡಿ. ಅವರು ಎರಡು ಸಲ ಓದುತ್ತಾರೆ.

‘ಸರಿಯಾಗಿ’ ಈ ಗುಂಪಿನ ಅತ್ಯಂತ ದುಡಿಯುವ ಪದ, ಹಾಗಾಗಿಯೇ ಅತ್ಯಂತ ಜಾರುವ ಪದ ಕೂಡ. ‘ಸರಿ’ ಅಂದರೆ ಸಮ ಅಂತಲೂ ಅರ್ಥ ಇದೆ, ‘ಸರಿಸಮ’ದಲ್ಲಿ ಇರುವುದು ಅದೇ. ಈಗ ಇದರ ವೇಷಗಳನ್ನು ನೋಡಿ. ‘ಬಾಗಿಲು ಸರಿಯಾಗಿ ಹಾಕು’ ಅಂದರೆ ಹೇಗೆ ಹಾಕಬೇಕೋ ಹಾಗೆ. ‘ಸರಿಯಾಗಿ 10 ಗಂಟೆಗೆ ಬಾ’ ಅಂದರೆ ಒಂದು ನಿಮಿಷ ಆಚೀಚೆ ಇಲ್ಲದೆ. ‘ಸರಿಯಾಗಿ ಬೈದರು’ ಅಂದರೆ ಬೈಯುವುದರಲ್ಲಿ ಏನೂ ಬಾಕಿ ಉಳಿಸಲಿಲ್ಲ ಅಂತ. ಬೈದದ್ದು ನ್ಯಾಯವೋ ಅನ್ಯಾಯವೋ ಆ ಮಾತಿನಲ್ಲಿಲ್ಲ. ‘ಅದಕ್ಕೆ ಸರಿಯಾಗಿ ಮಳೆಯೂ ಬಂತು’ ಅಂದರೆ ಅದೇ ಹೊತ್ತಿಗೆ, ಸಾಲದ್ದಕ್ಕೆ ಅನ್ನುವ ಹಾಗೆ. ಆದ್ದರಿಂದ ‘ಸರಿಯಾಗಿ’ ಬಳಸಿದಾಗಲೆಲ್ಲ ಪಕ್ಕದ ಕ್ರಿಯಾಪದ ಯಾವ ವೇಷ ಹಾಕಿಸುತ್ತಿದೆ ಅಂತ ನೋಡಿಕೊಳ್ಳಿ. ‘ಪೊಲೀಸರು ಅವನನ್ನು ಸರಿಯಾಗಿ ವಿಚಾರಿಸಿಕೊಂಡರು’ ಅಂತ ಬರೆದು ಕ್ರಮಬದ್ಧ ವಿಚಾರಣೆ ಅಂತ ಅರ್ಥ ಬರಲಿ ಅಂದರೆ ಬರುವುದಿಲ್ಲ. ಓದುಗರ ಕಣ್ಣ ಮುಂದೆ ಲಾಠಿ ಬರುತ್ತದೆ.

‘ಸೂಕ್ತ’ ಅಂದರೆ ಸು + ಉಕ್ತ, ಚೆನ್ನಾಗಿ ಹೇಳಿದ್ದು. ವೇದದ ಸೂಕ್ತಗಳು ಅನ್ನುವಾಗಲೂ ಇದೇ ಪದ. ಮೂಲದಲ್ಲಿ ಮಾತಿಗೆ ಸಂಬಂಧಿಸಿದ್ದು ಈಗ ಎಲ್ಲದಕ್ಕೂ ಹರಡಿದೆ, ಸೂಕ್ತ ಜಾಗ, ಸೂಕ್ತ ಅಭ್ಯರ್ಥಿ, ಸೂಕ್ತ ದಾಖಲೆ. ತಪ್ಪೇನಿಲ್ಲ. ಆದರೂ ನನಗೆ ಇದು ಸಲಹೆ, ಮಾತು, ಪದ, ಉದಾಹರಣೆ ಇಂಥವುಗಳ ಜೊತೆಗೆ ಬಂದಾಗಲೇ ಹೆಚ್ಚು ಜೀವಂತ ಅನ್ನಿಸುತ್ತದೆ. ಇನ್ನೊಂದು ಗಮನಿಸಿ. ‘ಸೂಕ್ತ’ ಅಂತ ವಿಶೇಷಣವಾಗಿ ನಿಂತರೆ ಗಟ್ಟಿ, ‘ಸೂಕ್ತವಾಗಿ’ ಅಂತ ಕ್ರಿಯೆಗೆ ಹಚ್ಚಿದರೆ ಸಡಿಲ. ‘ಸೂಕ್ತ ಪದ ಬಳಸಿದ’ ಅನ್ನುವುದು ‘ಪದವನ್ನು ಸೂಕ್ತವಾಗಿ ಬಳಸಿದ’ ಅನ್ನುವುದಕ್ಕಿಂತ ಚುರುಕು.

‘ಉಚಿತ’ದ ಕಥೆ ಬಂತು. ಸಂಸ್ಕೃತದಲ್ಲಿ ಇದರ ಅರ್ಥ ಯೋಗ್ಯ, ತಕ್ಕದ್ದು. ಹಿಂದಿ, ಮರಾಠಿಗಳಲ್ಲಿ ಇವತ್ತಿಗೂ ಹಾಗೇ. ಕನ್ನಡ, ತೆಲುಗುಗಳಲ್ಲಿ ಮಾತ್ರ ‘ಬಿಟ್ಟಿ’ ಅನ್ನುವ ಅರ್ಥವೇ ಮುಂದೆ ಬಂದು ಕೂತಿದೆ. ಹಿಂದಿಯಿಂದ ಅನುವಾದ ಮಾಡುವವರು ಇಲ್ಲಿ ಪದೇ ಪದೇ ಎಡವುತ್ತಾರೆ. ‘ವೈದ್ಯರು ರೋಗಿಯ ಜೊತೆ ಉಚಿತವಾಗಿ ನಡೆದುಕೊಂಡರು’ ಅಂತ ಓದಿದರೆ ಏನು ತಿಳಿಯುತ್ತದೆ ಹೇಳಿ? ಫೀಸು ತೆಗೆದುಕೊಳ್ಳದೆ ನಡೆದುಕೊಂಡರು!

ವಿಚಿತ್ರ ಏನೆಂದರೆ ಹಳೆಯ ಅರ್ಥ ಸತ್ತಿಲ್ಲ, ಒಳಮನೆ ಸೇರಿದೆ ಅಷ್ಟೆ. ‘ಅನುಚಿತವಾಗಿ ವರ್ತಿಸಿದ’ ಅಂದರೆ ಅಸಭ್ಯವಾಗಿ ಅಂತ ಎಲ್ಲರಿಗೂ ಗೊತ್ತು, ದುಡ್ಡು ಕೇಳಿದ ಅಂತ ಯಾರೂ ತಿಳಿಯುವುದಿಲ್ಲ. ‘ಹಿರಿಯರ ಮುಂದೆ ಹೀಗೆ ಮಾತಾಡುವುದು ಉಚಿತವಲ್ಲ’ ಅನ್ನುವುದೂ ನಡೆಯುತ್ತದೆ. ಸಮಯೋಚಿತ, ಸಂದರ್ಭೋಚಿತ, ಯಥೋಚಿತ, ಔಚಿತ್ಯ ಇವೆಲ್ಲದರಲ್ಲೂ ಹಳೆಯ ಅರ್ಥವೇ. ಹಾಗಾಗಿ ನಿಯಮ ಸರಳ: ಒಂಟಿಯಾಗಿ ‘ಉಚಿತವಾಗಿ’ ಅಂತ ಬಂದರೆ ಬಿಟ್ಟಿ, ‘ಅನ್’, ‘ಅಲ್ಲ’ ಅಥವಾ ಬೇರೆ ಪದದ ಜೊತೆ ಸೇರಿ ಬಂದರೆ ಯೋಗ್ಯ. ಯೋಗ್ಯ ಅನ್ನುವ ಅರ್ಥ ಬೇಕಿದ್ದಾಗ ಒಂಟಿ ‘ಉಚಿತವಾಗಿ’ಯನ್ನು ಮುಟ್ಟಲೇಬೇಡಿ.

ಔಚಿತ್ಯದ ಮಾತು ಬಂತಲ್ಲ, ಒಂದು ಉಪಕಥೆ. 11ನೇ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಕ್ಷೇಮೇಂದ್ರ ಈ ಒಂದೇ ಪರಿಕಲ್ಪನೆ ಹಿಡಿದು ಕಾವ್ಯವಿಮರ್ಶೆ ಕಟ್ಟಿದ. ಅಲಂಕಾರ ಎಷ್ಟೇ ಚೆಂದ ಇರಲಿ, ಅದರ ಜಾಗದಲ್ಲಿ ಇಲ್ಲದಿದ್ದರೆ ನಗೆಗೀಡು ಅನ್ನುವುದು ಅವನ ವಾದ. ಅದಕ್ಕೆ ಅವನು ಕೊಡುವ ಚಿತ್ರ ಹೀಗಿದೆ: ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡು, ಕೊರಳ ಹಾರವನ್ನು ಸೊಂಟಕ್ಕೆ ಸುತ್ತಿಕೊಂಡವರನ್ನು ನೋಡಿದರೆ ಯಾರಿಗೆ ನಗು ಬರುವುದಿಲ್ಲ? ಔಚಿತ್ಯ ನೋಡಬೇಕಾದ 27 ಜಾಗಗಳನ್ನು ಅವನು ಪಟ್ಟಿ ಮಾಡಿದ್ದಾನೆ, ಅದರಲ್ಲಿ ಕ್ರಿಯಾಪದವೂ ಇದೆ, ವಿಶೇಷಣವೂ ಇದೆ. ಒಂದು ‘ವಾಗಿ’ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅಂತ ಯಾರಾದರೂ ಕೇಳಿದರೆ ನಾನು ಅವನ ಕಡೆ ಬೆರಳು ತೋರಿಸುತ್ತೇನೆ.

ಉಳಿದವುಗಳನ್ನು ಬೇಗ ಮುಗಿಸೋಣ. ‘ಸಮರ್ಪಕವಾಗಿ’ಯನ್ನು ನಾವು ಹೆಚ್ಚಾಗಿ ಬಳಸುವುದು ದೂರು ಕೊಡುವಾಗ: ನೀರು ಸಮರ್ಪಕವಾಗಿ ಬರುತ್ತಿಲ್ಲ, ಮಾಹಿತಿ ಸಮರ್ಪಕವಾಗಿಲ್ಲ. ಹೊಗಳುವಾಗ ಬಳಸಿದರೆ ಸ್ವಲ್ಪ ತಣ್ಣಗಿರುತ್ತದೆ. ‘ಸಮರ್ಪಕವಾಗಿ ಹಾಡಿದರು’ ಅಂದರೆ ಗಾಯಕರಿಗೆ ಖುಷಿಯಾಗಲಿಕ್ಕಿಲ್ಲ. ‘ಯೋಗ್ಯ’ವೂ ‘ಯುಕ್ತ’ವೂ ಒಂದೇ ಮೂಲದವು, ನೊಗಕ್ಕೆ ಹೂಡು, ಜೋಡಿಸು ಅನ್ನುವ ಅರ್ಥದ ‘ಯುಜ್’ ಧಾತು. ‘ಯೋಗ್ಯವಾಗಿ’ ಅಂತ ಕ್ರಿಯೆಗೆ ಹಚ್ಚುವುದು ಕಡಿಮೆ, ‘ಕುಡಿಯಲು ಯೋಗ್ಯ’, ‘ವಾಸಕ್ಕೆ ಯೋಗ್ಯ’ ಅಂತ ಬರುವುದೇ ಸಹಜ. ‘ಯುಕ್ತವಾಗಿ’ ಒಂಟಿಯಾಗಿದ್ದರೆ ಪುಸ್ತಕದ ಭಾಷೆ, ಬಾಲವಾಗಿ ಬಂದರೆ ‘ಕೂಡಿದ’ ಅನ್ನುವ ಅರ್ಥ: ಅರ್ಥಯುಕ್ತವಾಗಿ, ನ್ಯಾಯಯುಕ್ತವಾಗಿ ಅನ್ನುವ ಹಾಗೆ. ‘ಯಥಾವತ್ತಾಗಿ’ ಈ ಗುಂಪಿನದ್ದೇ ಅಲ್ಲ. ಅದು ‘ಇದ್ದದ್ದು ಇದ್ದ ಹಾಗೆ’. ‘ಯಥೋಚಿತವಾಗಿ’ ಅಂತ ಬರೆಯಲು ಹೋಗಿ ‘ಯಥಾವತ್ತಾಗಿ’ ಅಂತ ಬರೆದವರನ್ನು ನೋಡಿದ್ದೇನೆ. ‘ಅನ್ವರ್ಥವಾಗಿ’ ಹೆಸರುಗಳಿಗೆ ಮೀಸಲು. ಹೆಸರು ಏನು ಹೇಳುತ್ತದೋ ವಸ್ತುವೂ ಹಾಗೇ ಇದ್ದಾಗ ಮಾತ್ರ.

‘ಹದವಾಗಿ’ ಮಾತ್ರ ನನಗೆ ಬಹಳ ಇಷ್ಟ. ಮಣ್ಣಿಗೆ ಹದ ಇದೆ, ಚರ್ಮಕ್ಕೆ ಹದ ಇದೆ, ಕಾಯಿಸಿದ ಕಬ್ಬಿಣಕ್ಕೆ ಹದ ಇದೆ. ಜಾಸ್ತಿಯೂ ಆಗದೆ ಕಡಿಮೆಯೂ ಆಗದೆ, ಕೆಲಸಕ್ಕೆ ಒದಗುವ ಆ ಒಂದು ಬಿಂದು. ಮಾತಿಗೂ ಬಳಸಬಹುದು, ‘ಹದವಾಗಿ ಮಾತಾಡಿದರು’. ಪ್ರಮಾಣದ ಹೊಂದಿಕೆ ಹೇಳಬೇಕಿದ್ದಾಗ ‘ಸೂಕ್ತ ಪ್ರಮಾಣದಲ್ಲಿ’ ಅಂತ ಎರಡು ಪದ ಬರೆಯುವ ಬದಲು ಇದೊಂದನ್ನು ಬರೆದು ನೋಡಿ.

ಹೆಜ್ಜೆ 4: ವಿರುದ್ಧ ಪದ ಇಟ್ಟು ಪರೀಕ್ಷಿಸಿ

ಒಂದು ಪದದ ನಿಜವಾದ ಗುಣ ಅದರ ವಿರುದ್ಧ ಪದದಲ್ಲಿ ಬಯಲಾಗುತ್ತದೆ. ಸರಿಯಾಗಿ ಎದುರು ತಪ್ಪಾಗಿ: ಅಂದರೆ ಇದು ಸರಿತಪ್ಪಿನ ಪದ. ಸಮಂಜಸ ಎದುರು ಅಸಮಂಜಸ: ತರ್ಕ ಕೂಡುವುದಿಲ್ಲ. ಅರ್ಹ ಎದುರು ಅನರ್ಹ: ನಿಯಮದ ಪ್ರಕಾರ ಹೊರಗೆ. ಆದರೆ ಯೋಗ್ಯ ಎದುರು ಅಯೋಗ್ಯ ಅಂತ ಬರೆಯುವ ಮೊದಲು ಸ್ವಲ್ಪ ಯೋಚಿಸಿ, ಮನುಷ್ಯರಿಗೆ ಹೇಳಿದರೆ ಅದು ಬೈಗುಳ. ‘ಈ ಹುದ್ದೆಗೆ ಅವರು ಅನರ್ಹರು’ ಅಂದರೆ ಅರ್ಹತೆಯ ಮಾತು. ‘ಅಯೋಗ್ಯರು’ ಅಂದರೆ ಹೊಡೆದಾಟ. ಹದ ಎದುರು ಹದಗೆಟ್ಟ, ಅದು ರಸ್ತೆಗೂ ಆರೋಗ್ಯಕ್ಕೂ ಸಂಬಂಧಕ್ಕೂ ಬರುತ್ತದೆ.

ಉಪಾಯ ಇಷ್ಟೇ: ನಿಮ್ಮ ವಾಕ್ಯವನ್ನು ತಿರುಗಿಸಿ ವಿರುದ್ಧ ಪದ ಹಾಕಿ. ತಿರುಗಿಸಿದ ವಾಕ್ಯ ನೀವು ಹೇಳಲು ಹೊರಟಿದ್ದಕ್ಕೆ ಸರಿಯಾಗಿ ಉಲ್ಟಾ ಇದ್ದರೆ ಪದ ಸರಿ ಇದೆ. ಬೇರೆ ಎಲ್ಲಿಗೋ ಹೋದರೆ ಮೊದಲ ಪದವೇ ತಪ್ಪು.

ಹೆಜ್ಜೆ 5: ಕ್ರಿಯೆಯನ್ನು ಬಣ್ಣಿಸುತ್ತಿದ್ದೀರಾ, ತೀರ್ಪು ಕೊಡುತ್ತಿದ್ದೀರಾ?

ಇದು ಎಲ್ಲಕ್ಕಿಂತ ನಾಜೂಕು. ‘ಅವಳು ಸರಿಯಾಗಿ ಹೇಳಿದಳು’ ಅನ್ನುವುದಕ್ಕೂ ‘ಅವಳು ಹೇಳಿದ್ದು ಸರಿ’ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಮೊದಲನೆಯದರಲ್ಲಿ ಅವಳು ಹೇಳಿದ ರೀತಿ ಸರಿ. ಎರಡನೆಯದರಲ್ಲಿ ಹೇಳಿದ ವಿಷಯ, ಅಥವಾ ಹೇಳಬೇಕು ಅಂತ ಅವಳು ತೀರ್ಮಾನ ಮಾಡಿದ್ದು ಸರಿ. ಇಂಗ್ಲಿಷಿನಲ್ಲಿ ಈ ಎರಡನೇ ಅರ್ಥಕ್ಕೆ ಒಂದು ಪದವನ್ನು ವಾಕ್ಯದ ತಲೆಯ ಮೇಲೆ ಇಟ್ಟು, ಅಲ್ಪವಿರಾಮ ಹಾಕಿ, ಮುಂದೆ ಹೋಗುತ್ತಾರೆ. ಅದನ್ನೇ ಎತ್ತಿಕೊಂಡು ‘ಸೂಕ್ತವಾಗಿ, ಸಮಾರಂಭ ಹಳೆಯ ಶಾಲೆಯಲ್ಲೇ ನಡೆಯಿತು’ ಅಂತ ಬರೆದರೆ ಕನ್ನಡದ ಕಿವಿಗೆ ಅದು ಅರ್ಧಕ್ಕೆ ನಿಂತ ಮಾತು. ಕಂಪ್ಯೂಟರ್ ಅನುವಾದಗಳಲ್ಲಿ ಇಂಥದ್ದು ರಾಶಿ ರಾಶಿ ಸಿಗುತ್ತವೆ.

ಕನ್ನಡದಲ್ಲಿ ಇದಕ್ಕೆ ಬೇರೆ ದಾರಿಗಳಿವೆ. ತೀರ್ಪನ್ನು ಕೊನೆಗೆ ಹಾಕಿ: ‘ಸಮಾರಂಭ ಹಳೆಯ ಶಾಲೆಯಲ್ಲೇ ನಡೆದದ್ದು ಒಳ್ಳೆಯದೇ ಆಯಿತು’, ‘ನಡೆದದ್ದು ಸರಿಯಾಗಿತ್ತು’, ‘ನಡೆದದ್ದು ಒಪ್ಪುವಂತಿತ್ತು’. ಅಥವಾ ‘ಯಾವುದಕ್ಕೆ’ ಅನ್ನುವುದನ್ನು ಮುಂದೆ ತನ್ನಿ: ‘ಹಳೆಯ ವಿದ್ಯಾರ್ಥಿಗಳ ಸಮಾರಂಭ ಅನ್ನುವುದಕ್ಕೆ ತಕ್ಕ ಹಾಗೆ ಶಾಲೆಯ ಅಂಗಳದಲ್ಲೇ ನಡೆಯಿತು’.

ಮೂರನೇ ದಾರಿ ಒಂದೇ ಅಕ್ಷರದ್ದು, ಆದರೆ ಬಲು ಚೆಂದ. ‘ಏ’ ಸೇರಿಸಿ. ‘ಅರ್ಹವಾಗಿ ಗೆದ್ದರು’ ಅನ್ನುವುದು ತೊದಲುತ್ತದೆ, ‘ಅರ್ಹವಾಗಿಯೇ ಗೆದ್ದರು’ ಅಂದ ಕೂಡಲೇ ಬರೆದವರು ಪಕ್ಕದಲ್ಲಿ ನಿಂತು ತಲೆ ಆಡಿಸಿದ ಹಾಗೆ. ‘ಸಹಜವಾಗಿ ಸಿಟ್ಟಾದರು’, ‘ಸಹಜವಾಗಿಯೇ ಸಿಟ್ಟಾದರು’. ‘ನ್ಯಾಯವಾಗಿ ಕೇಳಿದ’, ‘ನ್ಯಾಯವಾಗಿಯೇ ಕೇಳಿದ’. ‘ಏ’ ಇಲ್ಲದಿದ್ದರೆ ರೀತಿ, ‘ಏ’ ಇದ್ದರೆ ಅಭಿಪ್ರಾಯ. ಯಾವಾಗಲೂ ಹೀಗೇ ಅಂತ ಅಲ್ಲ, ಆದರೆ ಬಹಳಷ್ಟು ಸಲ ಹೀಗೆ.

ಹೆಜ್ಜೆ 6: ಸಮಯದ ವಿಷಯವಾದರೆ ಇನ್ನೊಮ್ಮೆ ನೋಡಿ

ಸಮಯದ ಜೊತೆ ಈ ಪದಗಳು ತುಂಬ ಹತ್ತಿರ ಬಂದು ಮೋಸ ಮಾಡುತ್ತವೆ. ‘ಸಮಯಕ್ಕೆ ಸರಿಯಾಗಿ ಬಂದ’ ಅಂದರೆ ತಡಮಾಡಲಿಲ್ಲ. ‘ಸಮಯಕ್ಕೆ ತಕ್ಕಂತೆ ನಡೆದುಕೊಂಡ’ ಅಂದರೆ ಸಂದರ್ಭ ನೋಡಿ ಹೊಂದಿಕೊಂಡ. ಕೆಲವರ ಬಾಯಲ್ಲಿ ಇದು ‘ಅವಕಾಶವಾದಿ’ ಅನ್ನುವ ಕಡೆಗೂ ವಾಲುತ್ತದೆ. ‘ಸಮಯೋಚಿತವಾಗಿ ನಡೆದುಕೊಂಡ’ ಅಂದರೆ ಬೇಕಾದ ಹೊತ್ತಿನಲ್ಲಿ ಬೇಕಾದ ಬುದ್ಧಿ ಓಡಿಸಿದ, ಅಪ್ಪಟ ಹೊಗಳಿಕೆ. ಬೆಂಕಿ ಬಿದ್ದಾಗ ವಿದ್ಯುತ್ ಸಂಪರ್ಕ ಕಡಿದ ಕಾವಲುಗಾರನಿಗೆ ಮೂರನೆಯದು ಬೇಕು. ಎರಡನೆಯದು ಹಾಕಿದರೆ ಪಾಪ, ಅವನ ಮೇಲೆ ಅನುಮಾನ ಬರುತ್ತದೆ.

ಹೆಜ್ಜೆ 7: ‘ಆಗಿ’ ಬೇಕೇ ಬೇಕಾ ಅಂತ ಕೇಳಿ

ಈ ಗುಂಪಿನ ಹೆಚ್ಚಿನ ಪದಗಳ ಬಾಲ ‘ಆಗಿ’. ಅದು ‘ಆಗು’ ಕ್ರಿಯಾಪದದ ರೂಪ. ಒಂದು ಪ್ಯಾರಾದಲ್ಲಿ ನಾಲ್ಕು ‘ವಾಗಿ’ ಬಂದರೆ ಓದು ಎತ್ತಿನ ಗಾಡಿ ಆಗುತ್ತದೆ. ಬಿಡಿಸಿಕೊಳ್ಳಲು ಕನ್ನಡದಲ್ಲಿ ದಾರಿ ಬೇಕಾದಷ್ಟಿವೆ. ನಾಮಪದದ ಮುಂದೆ ತಕ್ಕ, ಸೂಕ್ತ ಅಂತ ವಿಶೇಷಣ ಹಾಕಿ. ನನ್ನ ಆ ಹಾಳು ಪತ್ರದಲ್ಲಿ ‘ಸೇವೆಗೆ ತಕ್ಕ ಗೌರವ ಇದು’ ಅಂತ ಬರೆದಿದ್ದರೆ ಮುಗಿದಿತ್ತು. ಇಲ್ಲವಾದರೆ ಕ್ರಿಯಾಪದಕ್ಕೇ ಕೆಲಸ ಕೊಡಿ: ಒಪ್ಪು, ಹೊಂದು, ಸಲ್ಲು, ಒಗ್ಗು. ‘ಈ ಬಣ್ಣ ನಿಮಗೆ ಒಪ್ಪುತ್ತದೆ’, ‘ಈ ಮಾತು ನಿಮಗೆ ಸಲ್ಲದು’. ಸಲ್ಲು ಬಹಳ ಬಲವಾದ ಪದ. ‘ಸಲ್ಲದ ಮಾತು’ ಅಂದಾಗ ಬರುವ ಗದರಿಕೆ ‘ಅನುಚಿತವಾದ ಮಾತು’ ಅಂದಾಗ ಬರುವುದಿಲ್ಲ.

‘ಅಷ್ಟು’ ಅನ್ನುವುದನ್ನೂ ಮರೆಯಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಅನುಗುಣವಾಗಿಯೂ ಇಲ್ಲದೆ, ತಕ್ಕಂತೆಯೂ ಇಲ್ಲದೆ ಹೊಂದಿಕೆಯನ್ನು ಹೇಳಿ ಮುಗಿಸುತ್ತದೆ. ಹಾಗೇ ಪೂರ್ತಿ ಹೊಂದುವುದಕ್ಕೆ ‘ಹೇಳಿ ಮಾಡಿಸಿದ ಹಾಗಿದೆ’. ಇದನ್ನು ಮೀರಿಸುವ ‘ವಾಗಿ’ ನನಗಿನ್ನೂ ಸಿಕ್ಕಿಲ್ಲ.

‘ಆಗಿ’ ಉಳಿಸಿಕೊಂಡರೆ ಬರೆಯುವ ರೀತಿ ನೋಡಿಕೊಳ್ಳಿ. ಸೂಕ್ತ + ಆಗಿ ಸೇರಿದಾಗ ನಡುವೆ ವಕಾರ ಬಂದು ಸೂಕ್ತವಾಗಿ. ಸರಿ + ಆಗಿ ಸೇರಿದಾಗ ಯಕಾರ ಬಂದು ಸರಿಯಾಗಿ. ಅಚ್ಚುಕಟ್ಟು + ಆಗಿ ಸೇರಿದಾಗ ಉಕಾರ ಹೋಗಿ ಅಚ್ಚುಕಟ್ಟಾಗಿ. ಎಲ್ಲವೂ ಒಂದೇ ಪದ. ‘ಸೂಕ್ತ ವಾಗಿ’ ಅಂತ ನಡುವೆ ಜಾಗ ಬಿಡುವುದು ಈಗ ರೋಗದ ಹಾಗೆ ಹಬ್ಬಿದೆ, ಬಿಡಬೇಡಿ.

ಹೆಜ್ಜೆ 8: ಜಾಗ ನೋಡಿ ಇಡಿ

ಪದ ಸರಿ ಇದ್ದರೂ ಜಾಗ ತಪ್ಪಿದರೆ ಅರ್ಥ ಕೈಕೊಡುತ್ತದೆ. ‘ಅವನು ಸರಿಯಾಗಿ ಹೇಳಿದ್ದನ್ನು ಕೇಳಲಿಲ್ಲ.’ ಹೇಳಿದ್ದು ಸರಿಯಾಗಿತ್ತಾ, ಕೇಳಿದ್ದು ಸರಿಯಾಗಿರಲಿಲ್ಲವಾ? ಎರಡೂ ಆಗಬಹುದು. ಎರಡನೆಯದು ನಿಮ್ಮ ಅರ್ಥವಾದರೆ ‘ಹೇಳಿದ್ದನ್ನು ಅವನು ಸರಿಯಾಗಿ ಕೇಳಲಿಲ್ಲ’ ಅಂತ ಬರೆಯಿರಿ. ಯಾವ ಕ್ರಿಯೆಗೆ ಸೇರಬೇಕೋ ಅದಕ್ಕೆ ಒರಗಿಸಿ ಇಡಿ, ಮಧ್ಯೆ ಇನ್ನೊಂದು ಕ್ರಿಯೆ ನುಗ್ಗಲು ಬಿಡಬೇಡಿ.

ಹೆಜ್ಜೆ 9: ಒಂದು ವಾಕ್ಯ ಹಿಡಿದು ಪೂರ್ತಿ ಮಾಡಿ ನೋಡೋಣ

ವರದಿಯೊಂದರಲ್ಲಿ ಈ ವಾಕ್ಯ ಇದೆ ಅಂದುಕೊಳ್ಳಿ: ‘ತರಬೇತಿಯನ್ನು ಸೂಕ್ತವಾಗಿ ಆಯೋಜಿಸಲಾಗಿತ್ತು ಮತ್ತು ಪ್ರಶ್ನೆಗಳಿಗೆ ಸೂಕ್ತವಾಗಿ ಉತ್ತರಿಸಲಾಯಿತು.’

ಯಾವುದಕ್ಕೆ ಸೂಕ್ತ? ಬರೆದವರನ್ನು ಕೇಳಿದರೆ ಹೇಳುತ್ತಾರೆ, ಬಂದವರಲ್ಲಿ ಅರ್ಧ ಜನ ಹೊಸಬರು, ಅರ್ಧ ಜನ ಅನುಭವಿಗಳು, ಹಾಗಾಗಿ ಎರಡು ಗುಂಪು ಮಾಡಿದ್ದರು ಅಂತ. ಇದು ಎರಡನ್ನು ಪಕ್ಕಪಕ್ಕ ಇಟ್ಟು ಅಳೆದ ಹೊಂದಿಕೆ, ಹಾಗಾಗಿ ತಕ್ಕಂತೆ. ಉತ್ತರಗಳ ವಿಷಯ? ಕೇಳಿದವರಿಗೆ ಸಮಾಧಾನ ಆಯಿತು ಅನ್ನುತ್ತಾರೆ. ಅಂದರೆ ಸಮರ್ಪಕ. ಆದರೆ ಹೊಗಳಿಕೆಯಲ್ಲಿ ಸಮರ್ಪಕ ತಣ್ಣಗಾಗುತ್ತದೆ ಅಂತ ಆಗಲೇ ನೋಡಿದೆವು, ಅದಕ್ಕೆ ‘ಸಮಾಧಾನವಾಗುವಂತೆ’ ಅಂತ ಬಿಡಿಸಿ ಹೇಳೋಣ. ‘ಲಾಗಿತ್ತು’, ‘ಲಾಯಿತು’ಗಳನ್ನೂ ಈ ಗಲಾಟೆಯಲ್ಲಿ ಹೊರಗೆ ಕಳಿಸೋಣ.

‘ಬಂದವರ ಅನುಭವಕ್ಕೆ ತಕ್ಕಂತೆ ಎರಡು ಗುಂಪು ಮಾಡಿ ತರಬೇತಿ ಕೊಟ್ಟರು. ಕೇಳಿದ ಪ್ರಶ್ನೆಗಳಿಗೆ ಸಮಾಧಾನವಾಗುವಂತೆ ಉತ್ತರಿಸಿದರು.’

ವಾಕ್ಯ ಸ್ವಲ್ಪ ಉದ್ದವಾಯಿತು, ಹೌದು. ಕೆಲವು ಸಂಪಾದಕರು ‘ಚಿಕ್ಕದು ಮಾಡಿ’ ಅಂತ ವಾಪಸ್ ಕಳಿಸಬಹುದು. ಆಗ ನಾನು ಎರಡನೇ ವಾಕ್ಯ ಕತ್ತರಿಸುತ್ತೇನೆ, ಮೊದಲನೆಯದರ ‘ಅನುಭವಕ್ಕೆ ತಕ್ಕಂತೆ’ಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ.